ಎದೆಯ ಹೊಲಿಗೆ ಮಾಗಿತು, ಕಿಡ್ನಿಯ ಲೆಕ್ಕ ಯಾರು ಇಡಬೇಕು?

ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯ ನಮ್ಮ ಸೋದರಮಾವನಿಗೆ ಬೈಪಾಸ್ ಆಗಿ ಅದು ಮೂರನೆಯ ದಿನ. ಐಸಿಯು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಅತ್ತೆ, ಒಳಗಿಂದ ಬಂದ ನರ್ಸಮ್ಮನ ಮಾತು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ಎದೀ ಆಪರೇಶನ್ ಚಲೋ ಆಗೇತಿ ಅಂತಾರ. ಮತ್ತ ಕಿಡ್ನಿ ರಿಪೋರ್ಟ್ ಸಲ್ಪ ಏರೇತಿ ಅಂದ್ರು. ಕೊಯ್ದಿದ್ದು ಎದೀ, ಕಿಡ್ನಿಗ್ಯಾಕ ಪೆಟ್ಟು ಬೀಳತೈತೋ ತಮ್ಮಾ?”

ನನ್ನ ಬಳಿ ಉತ್ತರವಿರಲಿಲ್ಲ. ರಕ್ತದಲ್ಲಿ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಆಪರೇಷನ್ನಿಗೆ ಮೊದಲು 1.1 ಇದ್ದದ್ದು ಅಂದು 1.9 ಆಗಿತ್ತು. ವಾರದೊಳಗೆ 1.3ಕ್ಕೆ ಇಳಿಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಫೈಲು, ಗುಳಿಗೆ ಚೀಟಿ, ಎದೆಗೆ ಕಟ್ಟುವ ಬೆಲ್ಟು ಹಿಡಿದುಕೊಂಡು ಮಾವ ಊರಿಗೆ ಬಂದರು. ಎದೆಯ ಹೊಲಿಗೆ ಮಾಗಿತು, ಕಾಲಿನ ಗಾಯವೂ ಮಾಗಿತು. ಕ್ರಿಯಾಟಿನಿನ್ ಮತ್ತೆ ಯಾವಾಗ ನೋಡಿಸಬೇಕು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಕೇಳಬೇಕೆಂದು ನಮಗೂ ಹೊಳೆಯಲಿಲ್ಲ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಇಂದು ಬೈಪಾಸ್ ಆದವರು ಇಲ್ಲದ ಓಣಿ ಅಪರೂಪ. ಆಪರೇಷನ್ ನಡೆಯುವುದು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಅಥವಾ ಬೆಂಗಳೂರಿನಲ್ಲಿ. ಅಲ್ಲಿ ನಾಲ್ಕು ತಾಸು ಹೃದಯದ ಕೆಲಸ ಮುಗಿಯುತ್ತದೆ. ಆಮೇಲಿನ ಇಪ್ಪತ್ತು ವರ್ಷ ಕಿಡ್ನಿ ಬದುಕಬೇಕಾದದ್ದು ನಮ್ಮೂರಿನಲ್ಲಿ, ನಮ್ಮ ಬಿಸಿಲಿನಲ್ಲಿ, ನಮ್ಮ ಕೊಳವೆಬಾವಿಯ ನೀರಿನ ಮೇಲೆ. ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಮನವರಿಕೆಯಾದದ್ದು ಇದು: ಯಾವ ಬಗೆಯ ಬೈಪಾಸ್ ಮಾಡಿದರು ಎಂಬುದಕ್ಕಿಂತ, ಆ ಕಿಡ್ನಿಯನ್ನು ಮೊದಲು ಮತ್ತು ಆಮೇಲೆ ಯಾರು ನೋಡಿಕೊಂಡರು ಎಂಬುದೇ ದೊಡ್ಡ ಮಾತು.

ಹೃದಯ ನಿಲ್ಲಿಸಿ, ಹೃದಯ ನಿಲ್ಲಿಸದೆ

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದಲ್ಲಿ ಕೊಬ್ಬು ಕಟ್ಟಿದಾಗ, ಕಟ್ಟಿದ ಜಾಗವನ್ನು ಬಳಸಿ ಹೋಗುವಂತೆ ಹೊಸ ದಾರಿ ಜೋಡಿಸುವುದೇ ಬೈಪಾಸ್. ಹೊಸ ದಾರಿಗೆ ಬೇಕಾದ ನಾಳವನ್ನು ನಮ್ಮ ದೇಹದಿಂದಲೇ ತೆಗೆಯುತ್ತಾರೆ: ಎದೆಗೂಡಿನ ಒಳಗೋಡೆಯ ಅಪಧಮನಿ, ಮುಂಗೈಯ ಅಪಧಮನಿ, ಕಾಲಿನ ಉದ್ದ ಅಭಿಧಮನಿ. ಇಷ್ಟು ಎಲ್ಲ ಬಗೆಯ ಬೈಪಾಸ್‌ಗೂ ಒಂದೇ. ಹೊಲಿಯುವಾಗ ಹೃದಯ ನಿಂತಿರಬೇಕೋ ಬಡಿಯುತ್ತಿರಬೇಕೋ ಎಂಬಲ್ಲಿ ದಾರಿ ಕವಲೊಡೆಯುತ್ತದೆ.

ಮೊದಲನೆಯದು ಪಂಪ್ ಹಾಕಿ ಮಾಡುವುದು. ದೇಹದ ರಕ್ತವನ್ನು ಕೊಳವೆಗಳ ಮೂಲಕ ಹೊರಗಿನ ಯಂತ್ರಕ್ಕೆ ಹರಿಸುತ್ತಾರೆ. ಯಂತ್ರ ಅದಕ್ಕೆ ಆಮ್ಲಜನಕ ಬೆರೆಸಿ ಮತ್ತೆ ದೇಹಕ್ಕೆ ನೂಕುತ್ತದೆ. ಆ ಹೊತ್ತಿಗೆ ಹೃದಯವನ್ನು ಔಷಧ ಕೊಟ್ಟು ನಿಲ್ಲಿಸಿರುತ್ತಾರೆ. ನಿಂತ ಹೃದಯದ ಮೇಲೆ ಕೂದಲೆಳೆಯಂಥ ದಾರದಲ್ಲಿ ಹೊಲಿಯುವುದು ನಿಖರ. 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಇಂಥ ಯಂತ್ರದ ಬಲದಿಂದ ಮನುಷ್ಯನ ತೆರೆದ ಹೃದಯದ ಶಸ್ತ್ರಚಿಕಿತ್ಸೆಯನ್ನು ಮೊದಲ ಬಾರಿ ಯಶಸ್ವಿಯಾಗಿ ಮುಗಿಸಿದರು.

ಎರಡನೆಯದು ಪಂಪ್ ಇಲ್ಲದೆ ಮಾಡುವುದು. ನಮ್ಮ ಕಡೆ ‘ಬೀಟಿಂಗ್ ಹಾರ್ಟ್’ ಎನ್ನುತ್ತಾರೆ. ಹೃದಯ ಬಡಿಯುತ್ತಲೇ ಇರುತ್ತದೆ. ಹೊಲಿಯಬೇಕಾದ ಬೆರಳಗಲದ ಜಾಗವನ್ನಷ್ಟೆ ಒಂದು ಉಪಕರಣದಿಂದ ಹಿಡಿದು ಅಲುಗದಂತೆ ಮಾಡುತ್ತಾರೆ. ಇದು ಹೊಸ ವಿದ್ಯೆಯೆಂದು ಹಲವರು ತಿಳಿದಿದ್ದಾರೆ. 1964ರಲ್ಲಿಯೇ ಲೆನಿನ್‌ಗ್ರಾಡ್‌ನಲ್ಲಿ ವಸಿಲಿ ಕೊಲೆಸೊವ್ ಯಂತ್ರವಿಲ್ಲದೆ ಎದೆಗೂಡಿನ ಅಪಧಮನಿಯನ್ನು ಹೃದಯದ ನಾಳಕ್ಕೆ ಹೊಲಿದಿದ್ದರು. 1980ರ ದಶಕದಲ್ಲಿ ಅರ್ಜೆಂಟೀನಾದ ಬೆನೆಟ್ಟಿ, ಬ್ರೆಜಿಲ್‌ನ ಬುಫೊಲೊ ಇದನ್ನು ಮತ್ತೆ ಬಳಕೆಗೆ ತಂದರು. 1990ರ ದಶಕದ ನಡುವೆ ನೆದರ್ಲೆಂಡ್ಸ್‌ನಲ್ಲಿ ಹೃದಯದ ಮೇಲ್ಮೈ ಹಿಡಿದು ನಿಲ್ಲಿಸುವ ‘ಆಕ್ಟೋಪಸ್’ ಉಪಕರಣ ಬಂದ ಮೇಲೆ ವಿಧಾನ ಎಲ್ಲೆಡೆ ಹಬ್ಬಿತು. ಭಾರತದಲ್ಲಿ ಇದರ ಬಳಕೆ ಪಶ್ಚಿಮದ ದೇಶಗಳಿಗಿಂತ ಹೆಚ್ಚು.

ಇವುಗಳ ನಡುವೆ ಇನ್ನೂ ಎರಡಿವೆ. ಪಂಪ್ ಆಸರೆಯಾಗಿ ನಡೆಯುತ್ತಿರುವಾಗಲೇ ಬಡಿಯುವ ಹೃದಯದ ಮೇಲೆ ಹೊಲಿಯುವುದು ಒಂದು. ಎದೆಯ ಮೂಳೆ ಸೀಳದೆ, ಎಡಪಕ್ಕೆಯಲ್ಲಿ ಚಿಕ್ಕ ಗಾಯ ಮಾಡಿ ಮುಂಭಾಗದ ಮುಖ್ಯ ನಾಳಕ್ಕೆ ಜೋಡಣೆ ಮಾಡುವುದು ಇನ್ನೊಂದು.

ಇಂದಿನ ಬೈಪಾಸ್‌ಗೆ ರೂಪ ಕೊಟ್ಟ ರೆನೆ ಫವಲೋರೊ ಅವರನ್ನು ಇಲ್ಲಿ ನೆನೆಯಬೇಕು. 1967ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನಲ್ಲಿ ಕಾಲಿನ ರಕ್ತನಾಳ ಬಳಸಿ ಈ ಚಿಕಿತ್ಸೆಯನ್ನು ನೆಲೆಗೊಳಿಸಿದ ಅವರು ಅದಕ್ಕೆ ಮೊದಲು ಸುಮಾರು 12 ವರ್ಷ ಅರ್ಜೆಂಟೀನಾದ ಒಣ ಬಯಲಿನ ಒಂದು ಹಳ್ಳಿಯಲ್ಲಿ ಸಾಮಾನ್ಯ ವೈದ್ಯರಾಗಿದ್ದರು. ಭಾರತದ ಮೊದಲ ಬೈಪಾಸ್ ನಡೆದದ್ದು 1975ರಲ್ಲಿ, ಮದ್ರಾಸಿನ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ, ಡಾ. ಕೆ.ಎಂ. ಚೆರಿಯನ್ ಅವರ ಕೈಯಲ್ಲಿ.

ಕಾಲುವೆಯ ತುದಿಯ ಹೊಲ

ಈಗ ಅತ್ತೆಯ ಪ್ರಶ್ನೆ. ಮಲಪ್ರಭೆಯ ಕಾಲುವೆ ನೋಡಿದ ನಮ್ಮ ಜಿಲ್ಲೆಯ ರೈತರಿಗೆ ಉತ್ತರ ಅರ್ಥವಾಗಲು ಹೆಚ್ಚು ಹೊತ್ತು ಬೇಡ. ಕಾಲುವೆಯಲ್ಲಿ ನೀರು ಕಡಿಮೆಯಾದ ದಿನ ಮೊದಲು ಒಣಗುವುದು ತುದಿಯ ಹೊಲ. ಮೇಲಿನವರಿಗೆ ವ್ಯತ್ಯಾಸ ತಿಳಿಯುವ ಮೊದಲೇ ತುದಿಯವರ ಪೈರು ಬಾಡಿರುತ್ತದೆ.

ದೇಹದಲ್ಲಿ ಅಂಥ ತುದಿಯ ಹೊಲ ಕಿಡ್ನಿಯ ಒಳಪದರ. ಹೃದಯ ಹೊರಹಾಕುವ ರಕ್ತದಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚು ಎರಡು ಕಿಡ್ನಿಗಳಿಗೆ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಅವು ಸೋಸುತ್ತವೆ. ಆದರೆ ಬಂದ ರಕ್ತದ ಬಹುಪಾಲು ಹೊರಪದರದಲ್ಲೇ ಉಳಿಯುತ್ತದೆ. ಒಳಪದರಕ್ಕೆ ಸಿಗುವುದು ಅಲ್ಪ, ಅಲ್ಲಿನ ಕೆಲಸ ಭಾರಿ. ಎಲ್ಲ ಸರಿಯಿದ್ದ ದಿನವೂ ಅದು ಆಮ್ಲಜನಕದ ಕೊರತೆಯ ಅಂಚಿನಲ್ಲೇ ಬದುಕುತ್ತದೆ. ರಕ್ತದ ಹರಿವು ಸ್ವಲ್ಪ ತಗ್ಗಿದರೂ ಮೊದಲ ಪೆಟ್ಟು ಅದಕ್ಕೆ.

ಪಂಪ್ ಹಾಕಿದಾಗ ಏನಾಗುತ್ತದೆ? ಯಂತ್ರದ ಕೊಳವೆಗಳಲ್ಲಿ ಮೊದಲೇ ಸಲೈನ್‌ನಂಥ ದ್ರವ ತುಂಬಿರುತ್ತದೆ. ಅದು ಬೆರೆತು ರಕ್ತ ತೆಳುವಾಗುತ್ತದೆ. ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತದೆ. ನಾಡಿಯ ಬಡಿತವಿಲ್ಲದ ಸಮಹರಿವು ಬರುತ್ತದೆ. ಯಂತ್ರದ ಉಜ್ಜುವಿಕೆಗೆ ಕೆಲವು ಕೆಂಪು ರಕ್ತಕಣ ಒಡೆಯುತ್ತವೆ. ಅವುಗಳಿಂದ ಹೊರಬಿದ್ದ ಹಿಮೋಗ್ಲೋಬಿನ್ ಕಿಡ್ನಿಯ ನಳಿಕೆಗಳಿಗೆ ವಿಷದಂತೆ. ರಕ್ತ ಪ್ಲಾಸ್ಟಿಕ್ ತಾಗಿದಾಗ ದೇಹವಿಡೀ ಉರಿಯೂತದ ಅಲೆ ಏಳುತ್ತದೆ. ಮಹಾಪಧಮನಿಗೆ ಇಕ್ಕಳ ಹಾಕಿ ತೆಗೆಯುವಾಗ ಕೊಬ್ಬಿನ ಕಣ ಕಿತ್ತುಬಂದು ಕಿಡ್ನಿಯ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುವುದೂ ಉಂಟು.

ಪಂಪ್ ಇಲ್ಲದಿದ್ದರೆ ಇವುಗಳಲ್ಲಿ ಹಲವು ತಪ್ಪುತ್ತವೆ. ಬದಲಿಗೆ ಇನ್ನೊಂದು ತೊಂದರೆ ಇದೆ. ಹೃದಯದ ಹಿಂಬದಿಯ ನಾಳ ಹೊಲಿಯಬೇಕಾದರೆ ಬಡಿಯುವ ಹೃದಯವನ್ನು ಎತ್ತಿ ವಾಲಿಸಬೇಕು. ಆ ನಿಮಿಷಗಳಲ್ಲಿ ಬಿಪಿ ಕುಸಿಯಬಹುದು. ಬಿಪಿ ಕುಸಿದರೆ ಕಾಲುವೆಯ ನೀರು ತಗ್ಗಿದಂತೆಯೇ. ಎರಡೂ ವಿಧಾನದಲ್ಲಿ ಕಿಡ್ನಿಗೆ ಅಪಾಯವಿದೆ. ಅಪಾಯ ಬರುವ ದಾರಿ ಬೇರೆ.

ನೂರಕ್ಕೆ 28, ನೂರಕ್ಕೆ 32

ಹಾಗಾದರೆ ಕಿಡ್ನಿಗೆ ಯಾವುದು ಒಳ್ಳೆಯದು? ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿದ್ದು ‘ಕರೊನರಿ’ ಹೆಸರಿನ ಅಧ್ಯಯನ. 19 ದೇಶಗಳ 79 ಆಸ್ಪತ್ರೆಗಳಲ್ಲಿ 4,752 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪಂಪ್ ಹಾಕಿ, ಇನ್ನೊಂದಕ್ಕೆ ಪಂಪ್ ಇಲ್ಲದೆ ಬೈಪಾಸ್ ಮಾಡಿದರು. ಭಾರತದ ಆಸ್ಪತ್ರೆಗಳೂ, ಭಾರತದ ರೋಗಿಗಳೂ ಅದರಲ್ಲಿದ್ದರು. ಆದ್ದರಿಂದ ಆ ಅಂಕಿಗಳು ನಮಗೂ ಸಲ್ಲುತ್ತವೆ.

2012ರಲ್ಲಿ ಪ್ರಕಟವಾದ 30 ದಿನಗಳ ಫಲಿತಾಂಶ ಹೀಗಿತ್ತು. ಪಂಪ್ ಹಾಕಿದವರಲ್ಲಿ ನೂರಕ್ಕೆ 32 ಮಂದಿಗೆ ಕಿಡ್ನಿಗೆ ತತ್‌ಕ್ಷಣದ ಪೆಟ್ಟು ಬಿದ್ದಿತ್ತು. ಪಂಪ್ ಇಲ್ಲದವರಲ್ಲಿ ನೂರಕ್ಕೆ 28 ಮಂದಿಗೆ. ಈ ಪೆಟ್ಟಿನಲ್ಲಿ ಬಹಳಷ್ಟು ಸಣ್ಣದು, ರಕ್ತಪರೀಕ್ಷೆಯಲ್ಲಷ್ಟೆ ಕಾಣುವಂಥದು. ಡಯಾಲಿಸಿಸ್ ಬೇಕಾದವರು ಎರಡೂ ಕಡೆ ನೂರಕ್ಕೆ ಒಬ್ಬರ ಆಸುಪಾಸು: ಪಂಪ್ ಇಲ್ಲದವರಲ್ಲಿ 1.2, ಪಂಪ್ ಹಾಕಿದವರಲ್ಲಿ 1.1. ಸಾವು, ಹೃದಯಾಘಾತ, ಲಕ್ವಗಳ ಒಟ್ಟು ಲೆಕ್ಕದಲ್ಲೂ ಹೇಳಿಕೊಳ್ಳುವ ಅಂತರವಿರಲಿಲ್ಲ. ಪಂಪ್ ಇಲ್ಲದವರಿಗೆ ರಕ್ತ ಕೊಡಬೇಕಾದದ್ದು ಕಡಿಮೆ. ಆದರೆ ಮತ್ತೆ ರಕ್ತನಾಳ ತೆರೆಸಬೇಕಾಗಿ ಬಂದದ್ದು ಅವರಲ್ಲೇ ಸ್ವಲ್ಪ ಹೆಚ್ಚು.

ಕಿಡ್ನಿಗಾಗಿಯೇ ನಡೆದ ಮುಂದಿನ ಪರಿಶೀಲನೆ 2014ರಲ್ಲಿ ಬಂತು. ಅದೇ ಅಧ್ಯಯನದ 2,932 ಜನರ ಕ್ರಿಯಾಟಿನಿನ್ ಅನ್ನು ಒಂದು ವರ್ಷದ ನಂತರ ನೋಡಿದರು. ಇಲ್ಲಿ ಪೆಟ್ಟು ಎಂದು ಹಿಡಿದದ್ದು ಕ್ರಿಯಾಟಿನಿನ್ ಅರ್ಧದಷ್ಟಾದರೂ ಏರಿದ್ದನ್ನು. ಮೊದಲ ತಿಂಗಳಲ್ಲಿ ಅಂಥ ಪೆಟ್ಟು ಪಂಪ್ ಇಲ್ಲದವರಲ್ಲಿ ನೂರಕ್ಕೆ 17.5, ಪಂಪ್ ಹಾಕಿದವರಲ್ಲಿ 20.8. ವರ್ಷದ ಕೊನೆಗೆ ಕಿಡ್ನಿಯ ಶಕ್ತಿಯಲ್ಲಿ ಐದನೆಯ ಒಂದು ಪಾಲು ಅಥವಾ ಹೆಚ್ಚು ಕಳೆದುಕೊಂಡವರು 17.1 ಮತ್ತು 15.3. ಈ ಸಣ್ಣ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಮೊದಲ ತಿಂಗಳು ಪಂಪ್ ಇಲ್ಲದ ವಿಧಾನ ಕೊಟ್ಟ ಲಾಭ ವರ್ಷ ಕಳೆಯುವಷ್ಟರಲ್ಲಿ ಉಳಿಯಲಿಲ್ಲ. 2016ರ ಐದು ವರ್ಷಗಳ ಲೆಕ್ಕದಲ್ಲೂ ಎರಡು ಗುಂಪುಗಳು ಹೆಗಲಿಗೆ ಹೆಗಲು ನಿಂತವು.

ಬೇರೆ ಅಧ್ಯಯನಗಳೂ ಎಚ್ಚರಿಕೆಯ ಮಾತು ಹೇಳುತ್ತವೆ. ಅಮೆರಿಕದ 2,203 ಮಾಜಿ ಸೈನಿಕರ ಮೇಲಿನ ‘ರೂಬಿ’ ಅಧ್ಯಯನದಲ್ಲಿ ಐದು ವರ್ಷದ ನಂತರ ಪಂಪ್ ಇಲ್ಲದ ಗುಂಪಿನಲ್ಲಿ ಸಾವು ಹೆಚ್ಚಿತ್ತು: ನೂರಕ್ಕೆ 15.2, ಇನ್ನೊಂದರಲ್ಲಿ 11.9. ಜರ್ಮನಿಯಲ್ಲಿ 75 ದಾಟಿದ 2,539 ವೃದ್ಧರ ಅಧ್ಯಯನದಲ್ಲಿ ಡಯಾಲಿಸಿಸ್ ಅಗತ್ಯದಲ್ಲಿ ಗಣನೀಯ ಅಂತರ ಕಾಣಲಿಲ್ಲ.

ಇಷ್ಟನ್ನೂ ಕೂಡಿಸಿ ನೋಡಿದರೆ, ‘ಬೀಟಿಂಗ್ ಹಾರ್ಟ್ ಮಾಡಿಸಿದರೆ ಕಿಡ್ನಿಗೆ ಏನೂ ಆಗುವುದಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ‘ಪಂಪ್ ಹಾಕಿದರೆ ಕಿಡ್ನಿ ಹೋಯಿತು’ ಎಂಬುದೂ ಸುಳ್ಳು. ಮೊದಲೇ ಕಿಡ್ನಿ ದುರ್ಬಲವಾಗಿದ್ದವರಿಗೆ, ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿದವರಿಗೆ ಪಂಪ್ ಇಲ್ಲದ ದಾರಿ ಅನುಕೂಲವಾಗಬಹುದು. ಹೃದಯ ಬಹಳ ದೊಡ್ಡದಾಗಿ ಬಳಲಿದ್ದರೆ, ನಾಳಗಳು ಸಣ್ಣವಿದ್ದರೆ ಪಂಪ್ ಸುರಕ್ಷಿತವಾಗಬಹುದು. ಆ ವೈದ್ಯರ ಕೈ ಯಾವ ವಿಧಾನದಲ್ಲಿ ಪಳಗಿದೆ ಎಂಬುದು ಇವೆಲ್ಲಕ್ಕೂ ಮಿಗಿಲು. “ನಿಮ್ಮ ಕೈಗೆ ಯಾವುದು ಹೆಚ್ಚು ರೂಢಿ ಸರ್? ನಮ್ಮವರ ಕಿಡ್ನಿ ನೋಡಿದರ ಯಾವುದು ಚಲೋ?” ಎಂದು ಕೇಳುವುದರಲ್ಲಿ ಅವಿನಯ ಏನೂ ಇಲ್ಲ.

ಒಂದೇ ಅಂಕಿ, ಎರಡು ಕಿಡ್ನಿ

ಕ್ರಿಯಾಟಿನಿನ್ ಎಂಬುದು ಸ್ನಾಯುಗಳ ದಿನನಿತ್ಯದ ಕೆಲಸದಿಂದ ಹುಟ್ಟುವ ಕಸ. ಕಿಡ್ನಿ ಅದನ್ನು ಹೊರಹಾಕುತ್ತದೆ. ಕಿಡ್ನಿ ಸೋತರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. 48 ತಾಸಿನೊಳಗೆ 0.3ರಷ್ಟು ಏರಿದರೆ, ಅಥವಾ ಏಳು ದಿನದಲ್ಲಿ ಒಂದೂವರೆ ಪಟ್ಟಾದರೆ, ಅದನ್ನು ಕಿಡ್ನಿಯ ತೀವ್ರ ಪೆಟ್ಟು ಎಂದು ವೈದ್ಯಲೋಕ ಕರೆಯುತ್ತದೆ. ಮೂತ್ರದ ಲೆಕ್ಕವೂ ಇದೆ: 60 ಕೆ.ಜಿ. ತೂಕದವರಿಗೆ ಆರು ತಾಸು ಸತತವಾಗಿ ತಾಸಿಗೆ 30 ಮಿ.ಲೀ.ಗಿಂತ ಕಡಿಮೆ ಮೂತ್ರ ಬಂದರೆ ಅದೂ ಪೆಟ್ಟೇ. ಐಸಿಯುನಲ್ಲಿ ಮಂಚಕ್ಕೆ ತೂಗುಬಿಟ್ಟ ಮೂತ್ರದ ಚೀಲವನ್ನು ನರ್ಸಮ್ಮ ತಾಸಿಗೊಮ್ಮೆ ಬಾಗಿ ನೋಡುವುದು ಇದಕ್ಕೇ.

ಮಾವನ 1.1 ಒಂದೂವರೆ ಪಟ್ಟಾದರೆ 1.65. ಅದು 1.9 ಮುಟ್ಟಿತ್ತು. ಅಂದರೆ ಅವರಿಗೆ ಆದದ್ದು ನಿಜವಾದ ಪೆಟ್ಟು. ಇಳಿದದ್ದು 1.3ಕ್ಕೆ, ಮೊದಲಿನ 1.1ಕ್ಕೆ ಅಲ್ಲ. ಆ ಎರಡು ಅಂಕಿಗಳ ನಡುವಿನ ಅಂತರವನ್ನು ಅಂದು ಯಾರೂ ಗಮನಿಸಲಿಲ್ಲ.

ಇನ್ನೊಂದು ಸಂಗತಿ ನಮ್ಮ ಹಳ್ಳಿಗಳಿಗೆ ಬಹಳ ಮುಖ್ಯ. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವುದರಿಂದ, ಸ್ನಾಯು ಕಡಿಮೆ ಇದ್ದವರಲ್ಲಿ ಕಿಡ್ನಿ ಸೋತಿದ್ದರೂ ಅಂಕಿ ಸಣ್ಣದಾಗಿಯೇ ಕಾಣುತ್ತದೆ. 30 ವರ್ಷದ ಗಂಡಸಿನ ಕ್ರಿಯಾಟಿನಿನ್ 1.1 ಇದ್ದರೆ ಅವನ ಕಿಡ್ನಿಯ ಸೋಸುವ ಶಕ್ತಿ ಈಗ ಬಳಕೆಯಲ್ಲಿರುವ ಸೂತ್ರದ ಪ್ರಕಾರ ಸುಮಾರು 93. ಅದೇ 1.1 ಒಬ್ಬ 70 ವರ್ಷದ ಹೆಣ್ಣುಮಗಳಲ್ಲಿ ಇದ್ದರೆ ಶಕ್ತಿ ಸುಮಾರು 54. ಅರವತ್ತಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೆ ಅದು ದೀರ್ಘಕಾಲದ ಕಿಡ್ನಿ ರೋಗ. ಲ್ಯಾಬ್ ಚೀಟಿಯಲ್ಲಿ ಇಬ್ಬರ ಮುಂದೆಯೂ ‘ನಾರ್ಮಲ್’ ಎಂದೇ ಬರೆದಿರಬಹುದು. ಶೇಂಗಾ ಬಿಡಿಸಿ, ಮೆಣಸಿನಕಾಯಿ ಹರಿದು ಬದುಕು ಸವೆಸಿದ ಬಡಕಲು ದೇಹದ ನಮ್ಮ ಅಜ್ಜಿಯರು ಹೀಗೆ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಾರೆ. ಕ್ರಿಯಾಟಿನಿನ್ ಜೊತೆ ಈ ಸೋಸುವ ಶಕ್ತಿಯ ಅಂಕಿ, ಅಂದರೆ ‘ಇಜಿಎಫ್‌ಆರ್’ ಎಷ್ಟು ಎಂದು ಕೇಳಿ ಬರೆಸಿಕೊಳ್ಳಬೇಕು. ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿದೆಯೇ ಎಂದೂ ನೋಡಿಸಬೇಕು. ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ಮೊದಲೇ ಸಕ್ಕರೆ ಕಾಯಿಲೆಯವರ ಕಿಡ್ನಿಯ ಸುದ್ದಿ ಅದು ಹೇಳುತ್ತದೆ.

ನಮ್ಮ ನೆಲದ ಸಂಗತಿ

ಆಪರೇಷನ್ ಟೇಬಲ್ ಮೇಲೆ ಮಲಗುವ ಮೊದಲೇ ನಮ್ಮ ಭಾಗದ ಕಿಡ್ನಿ ಎಷ್ಟೋ ಪೆಟ್ಟು ತಿಂದಿರುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಕಡೆಯೂ ಇವೆ. ನಮ್ಮಲ್ಲಿ ಇನ್ನೂ ಒಂದು ಸರಪಳಿ ಇದೆ.

ಮುಂಡರಗಿ, ಶಿರಹಟ್ಟಿ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ದಶಕಗಳಿಂದ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲು ಕಂದು, ಕೀಲು ಬಿಗಿ, ಬೆನ್ನು ನೋವು. ನೋವಿಗೆ ಗುಳಿಗೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಚೀಟಿ ಇಲ್ಲದೆ ಸಿಗುತ್ತವೆ. ಈ ಗುಳಿಗೆಗಳು ಕಿಡ್ನಿಗೆ ರಕ್ತ ಬಿಡುವ ನಾಳವನ್ನೇ ಬಿಗಿಯುತ್ತವೆ. ಇತ್ತ ದೇಹಕ್ಕೆ ಹೊಕ್ಕ ಫ್ಲೋರೈಡ್ ಹೊರಹೋಗಬೇಕಾದ ಮುಖ್ಯ ಬಾಗಿಲೂ ಕಿಡ್ನಿಯೇ. ಕಿಡ್ನಿ ಸೋತಷ್ಟೂ ಫ್ಲೋರೈಡ್ ಒಳಗೇ ಉಳಿಯುತ್ತದೆ, ನೋವು ಏರುತ್ತದೆ, ಗುಳಿಗೆ ಹೆಚ್ಚುತ್ತದೆ. ಬೈಪಾಸ್ ಆದ ಮನೆಯಲ್ಲಿ ಶುದ್ಧ ನೀರಿನ ಘಟಕದಿಂದ ತಂದ ಕೊಡವೂ ಔಷಧವೇ.

ಬಿಸಿಲೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆಯಿಂದ ಹೊಲದಲ್ಲಿ ದುಡಿದು ಒಂದು ತಂಬಿಗೆ ನೀರು ಕುಡಿದು ಬಂದವರ ಕಿಡ್ನಿ ಒಣಗುತ್ತದೆ. ಬೈಪಾಸ್ ಆದವರು ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಗುಳಿಗೆ, ನೀರು ಇಳಿಸುವ ಗುಳಿಗೆ ನುಂಗುತ್ತಿರುತ್ತಾರೆ. ದಿನನಿತ್ಯ ಅವು ಹೃದಯಕ್ಕೂ ಕಿಡ್ನಿಗೂ ಕಾವಲು. ವಾಂತಿ-ಭೇದಿ ಹತ್ತಿದ ದಿನ, ಬಿಸಿಲಿಗೆ ಕುಸಿದ ದಿನ ಅವೇ ಗುಳಿಗೆ ಕಿಡ್ನಿಗೆ ಭಾರವಾಗಬಹುದು. ಅಂಥ ದಿನ ಗುಳಿಗೆ ಮುಂದುವರಿಸಬೇಕೇ ಎಂದು ವೈದ್ಯರಿಗೆ ಅಂದೇ ಫೋನ್ ಮಾಡಿ ಕೇಳಬೇಕು.

ಕಪ್ಪತಗುಡ್ಡ ಔಷಧಿ ಸಸ್ಯಗಳ ತವರು. ಆ ಜ್ಞಾನದ ಮೇಲೆ ನನಗೆ ಗೌರವವಿದೆ. ಆದರೆ ಬೈಪಾಸ್ ಆದ ದೇಹದಲ್ಲಿ ಎಂಟು-ಹತ್ತು ಗುಳಿಗೆಗಳು ಕೆಲಸ ಮಾಡುತ್ತಿರುವಾಗ, ಒಳಗೇನಿದೆಯೆಂದು ತಿಳಿಯದ ಪುಡಿ, ಭಸ್ಮ, ಕಷಾಯಗಳನ್ನು ವೈದ್ಯರಿಗೆ ಹೇಳದೆ ತೆಗೆದುಕೊಳ್ಳುವುದು ಕಿಡ್ನಿಯನ್ನು ಪಣಕ್ಕಿಟ್ಟಂತೆ.

ಕಣಗಿನಹಾಳದ ಸಾಲ, ಯಶಸ್ವಿನಿಯ ಚೀಟಿ

ನಲವತ್ತು ವರ್ಷದ ಹಿಂದೆ ನಮ್ಮ ಕಡೆಯ ರೈತನಿಗೆ ಬೈಪಾಸ್ ಎಂದರೆ ಹೊಲ ಮಾರುವ ಮಾತು. ಅದನ್ನು ಬದಲಿಸಿದ್ದರಲ್ಲಿ ಸಹಕಾರದ ಪಾಲು ದೊಡ್ಡದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸುಮಾರು ನೂರು ವರ್ಷದ ನಂತರ, 2003ರಲ್ಲಿ, ಅದೇ ಸಹಕಾರ ಸಂಘಗಳ ಸದಸ್ಯತ್ವವನ್ನು ಆಧಾರವಾಗಿಟ್ಟುಕೊಂಡು ಕರ್ನಾಟಕದಲ್ಲಿ ಯಶಸ್ವಿನಿ ಯೋಜನೆ ಜಾರಿಯಾಯಿತು. ಅದರ ರೂಪಣೆಯಲ್ಲಿ ಡಾ. ದೇವಿಪ್ರಸಾದ್ ಶೆಟ್ಟಿ ಅವರ ಪಾತ್ರವಿತ್ತು. ವರ್ಷಕ್ಕೆ ತಲೆಗೆ 60 ರೂಪಾಯಿ ಕಟ್ಟಿದ ರೈತನಿಗೆ ಹೃದಯದ ಶಸ್ತ್ರಚಿಕಿತ್ಸೆ ಸಿಗುವಂತಾಯಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. 2010ರಲ್ಲಿ ಬಡ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ ಉತ್ತರ ಕರ್ನಾಟಕದಿಂದಲೇ ಆರಂಭವಾಯಿತು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ.

ಈ ಚೀಟಿಗಳು ಲೆಕ್ಕವಿಲ್ಲದಷ್ಟು ಜೀವ ಉಳಿಸಿವೆ. ಅವು ಆಪರೇಷನ್ನಿನ ಖರ್ಚು ಹೊತ್ತವು. ಆಮೇಲೆ ಮೂರನೆಯ ತಿಂಗಳಿಗೆ ಮಾಡಿಸಬೇಕಾದ ಕ್ರಿಯಾಟಿನಿನ್ ಪರೀಕ್ಷೆಯನ್ನು ನೆನಪಿಸುವ ಕೆಲಸ ಅವುಗಳಿಂದಾಗದು. ಅದು ಊರಿನ ಕೆಲಸ. ಗದಗಿನ ಮಲ್ಲಸಮುದ್ರದ ಬಳಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್ ಇದೆ, ತಾಲ್ಲೂಕು ಆಸ್ಪತ್ರೆಗಳಿವೆ. ಕ್ರಿಯಾಟಿನಿನ್ ಪರೀಕ್ಷೆಗೆ ಹುಬ್ಬಳ್ಳಿ ಬಸ್ಸು ಹತ್ತುವ ಅಗತ್ಯವಿಲ್ಲ. ಕಿಡ್ನಿ ಪೂರ್ತಿ ಸೋತವರಿಗೆ 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವಿದೆ. ಆದರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಯಂತ್ರದ ಪಕ್ಕ ಮಲಗುವ ಬದುಕು ಯಾರಿಗೂ ಬೇಡ.

ಮೊದಲು ಏನು, ಆಮೇಲೆ ಏನು

ಆಪರೇಷನ್ನಿಗೆ ಮೊದಲು: ಮನೆಯಲ್ಲಿ ನುಂಗುತ್ತಿರುವ ಎಲ್ಲ ಗುಳಿಗೆಗಳನ್ನೂ ಚೀಲದಲ್ಲಿ ತುಂಬಿಕೊಂಡು ಹೋಗಿ ವೈದ್ಯರ ಮುಂದೆ ಸುರಿಯಿರಿ. ನೋವಿನ ಗುಳಿಗೆ, ನಾಟಿ ಔಷಧ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್‌ನಂಥ ಗುಳಿಗೆ ಇದ್ದರೆ ಅದನ್ನು ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕಾಗುತ್ತದೆ; ವೈದ್ಯರಿಗೆ ನೆನಪಿಸಿ. ಆಂಜಿಯೊಗ್ರಾಂನಲ್ಲಿ ಚುಚ್ಚುವ ಬಣ್ಣದ ದ್ರವವೂ ಕಿಡ್ನಿಗೆ ಭಾರ. ಹೃದಯದ ಸ್ಥಿತಿ ಕಾಯಲು ಬಿಟ್ಟರೆ, ಆ ಪರೀಕ್ಷೆಗೂ ಆಪರೇಷನ್ನಿಗೂ ನಡುವೆ ಕಿಡ್ನಿಗೆ ಸುಧಾರಿಸಿಕೊಳ್ಳಲು ಕೆಲವು ದಿನ ಸಿಗಬೇಕು. ಮೊದಲಿನ ಕ್ರಿಯಾಟಿನಿನ್ ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳಿ. ಆಮೇಲಿನ ಎಲ್ಲ ಅಂಕಿಗಳನ್ನೂ ಅಳೆಯುವ ಗಜಕಡ್ಡಿ ಅದೇ.

ಆಪರೇಷನ್ ಕೋಣೆಯೊಳಗಿನ ಕೆಲಸ ವೈದ್ಯರದು. ಅಲ್ಲೂ ಕಿಡ್ನಿಯ ಚಿಂತೆ ಬೆಳೆಯುತ್ತಿದೆ. ಪಂಪ್ ನಡೆಯುವಾಗ ದೇಹಕ್ಕೆ ತಲುಪುವ ಆಮ್ಲಜನಕವನ್ನು ಅಳೆದು ಹಿಡಿದಿಡುವ ರೂಢಿ ಬಂದಿದೆ. 2024ರಲ್ಲಿ ಪ್ರಕಟವಾದ 3,511 ರೋಗಿಗಳ ಅಧ್ಯಯನದಲ್ಲಿ, ಪಂಪ್ ಹಾಕಿ ನಡೆಯುವ ಹೃದಯ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅಮೈನೊ ಆಮ್ಲದ ದ್ರವ ಹರಿಸಿದವರಲ್ಲಿ ಕಿಡ್ನಿಯ ಪೆಟ್ಟು ನೂರಕ್ಕೆ 31.7ರಿಂದ 26.9ಕ್ಕೆ ಇಳಿದದ್ದು ಕಂಡಿತು. ವಿಧಾನ ಬದಲಿಸಿ ಪಡೆದ ಲಾಭಕ್ಕೆ ಸಮನಾದ ಲಾಭ ಆರೈಕೆಯಿಂದಲೇ ಬಂತು.

ಮನೆಗೆ ಬಂದ ಮೇಲೆ: ನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಜಾತಿಯ ಗುಳಿಗೆ ಬೇಡವೇ ಬೇಡ. ಬೈಪಾಸ್ ಆದ ಹೊತ್ತಿನಲ್ಲಿ ಅವು ಹೃದಯಕ್ಕೂ ನಿಷಿದ್ಧ. ವೈದ್ಯರು ಹೇಳಿದ ಮಿತಿಯಲ್ಲಿ ಪ್ಯಾರಾಸಿಟಮಾಲ್ ಸಾಕು. ಆದರೆ ಹೊಸ ನಾಳ ಕಟ್ಟದಂತೆ ಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ಅನ್ನು ಇದೇ ಭಯಕ್ಕೆ ನಿಲ್ಲಿಸಬೇಡಿ. ನೀರು ಎಷ್ಟು ಕುಡಿಯಬೇಕೆಂದು ಹೃದಯದ ವೈದ್ಯರನ್ನು ಅಳತೆ ಸಮೇತ ಕೇಳಿ. ಬೇಸಿಗೆಗೆ ಬೇರೆ ಅಳತೆ ಬೇಕೇ ಎಂದೂ ಕೇಳಿ. ಕಾಲು ಊದಿದರೆ, ಮೂತ್ರ ಕಡಿಮೆಯಾದರೆ, ಎರಡು ದಿನದಲ್ಲಿ ತೂಕ ಏಕಾಏಕಿ ಏರಿದರೆ ತಡಮಾಡಬೇಡಿ.

ಫೈಲಿನ ಮೇಲೆ ಬರೆಯಬೇಕಾದ್ದು

ಮಾವನ ಕ್ರಿಯಾಟಿನಿನ್ ಮತ್ತೆ ನೋಡಿಸಿದ್ದು ಎಂಟು ತಿಂಗಳ ನಂತರ, ಅದೂ ಕಾಲು ಊದಿದ ಮೇಲೆ. ಆಗ 1.7 ಇತ್ತು. ಮೊಣಕಾಲು ನೋವಿಗೆಂದು ದಿನಕ್ಕೊಂದು ಗುಳಿಗೆ ನುಂಗುತ್ತಿದ್ದುದು ಅಂದು ಹೊರಬಿತ್ತು. ಗುಳಿಗೆ ನಿಲ್ಲಿಸಿದರು, ನೀರು ಬದಲಿಸಿದರು. ಈಗ 1.4ರಲ್ಲಿ ನಿಂತಿದೆ. ಐದು ತಿಂಗಳು ಮೊದಲೇ, ಮೂರನೆಯ ತಿಂಗಳಿಗೇ, ನೋಡಿಸಿದ್ದರೆ ಆ ಗುಳಿಗೆ ಅಂದೇ ನಿಲ್ಲುತ್ತಿತ್ತು.

ನಮ್ಮ ಜಾತ್ರೆಗಳಲ್ಲಿ ಆರೋಗ್ಯ ಶಿಬಿರ ನಡೆಸುವುದು ಒಳ್ಳೆಯ ರೂಢಿ. ಗದಗಿನ ತೋಂಟದಾರ್ಯ ಮಠ, ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಲಕ್ಷ್ಮೇಶ್ವರದ ಸೋಮೇಶ್ವರನ ಸನ್ನಿಧಿಗಳಲ್ಲಿ ಸೇರುವ ಜನರಿಗೆ ಬಿಪಿ, ಶುಗರ್ ಜೊತೆಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನೂ ಸೇರಿಸಿ ಎಂದು ಶಿಬಿರ ನಡೆಸುವವರನ್ನು ಕೈಮುಗಿದು ಕೇಳುತ್ತೇನೆ. ಸಹಕಾರ ಸಂಘಗಳು ತಮ್ಮ ಸದಸ್ಯರಲ್ಲಿ ಬೈಪಾಸ್ ಆದವರ ಹೆಸರು ಪಟ್ಟಿ ಮಾಡಿ, ಪರೀಕ್ಷೆಯ ತಿಂಗಳು ಬಂದಾಗ ಒಂದು ಫೋನ್ ಮಾಡಲಿ. ಸಾಲದ ಕಂತು ನೆನಪಿಸುವ ಕೈಗೆ ಇದು ಹೊರೆಯಲ್ಲ.

ಓದುಗರೇ, ನಿಮ್ಮ ಮನೆಯಲ್ಲಿ ಬೈಪಾಸ್ ಆದವರಿದ್ದರೆ ಇಂದೇ ಆ ಫೈಲು ತೆಗೆಯಿರಿ. ಮೇಲಿನ ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಆಪರೇಷನ್ನಿಗೆ ಮೊದಲಿನ ಕ್ರಿಯಾಟಿನಿನ್, ಬಿಡುಗಡೆಯ ದಿನದ ಕ್ರಿಯಾಟಿನಿನ್, ಮೂರು ತಿಂಗಳಿಗೆ ನೋಡಿಸಬೇಕಾದ ತಾರೀಖು. ಆ ತಾರೀಖು ದಾಟಿ ಹೋಗಿದ್ದರೆ ಕಾಯಬೇಡಿ, ಆಸ್ಪತ್ರೆಯ ಲ್ಯಾಬ್ ತೆರೆದಿರುತ್ತದೆ. ಕರೆದುಕೊಂಡು ಹೋಗಿ.